ದುನ್ಯಾಳ ಹುಟ್ಟುಹಬ್ಬದ ದಿನವೇ ಬಂದ ಸಂತ

ನನ್ನ ಮಗಳು ದುನ್ಯಾ ಹುಟ್ಟಿದ್ದು ನವೆಂಬರ್ ಎಂಟಕ್ಕೆ, ಸಂತ ಡಿಮಿಟ್ರಿಯ ದಿನ. ಬೇರೆ ಯಾವ ದಿನ ಹುಟ್ಟಿದ್ದರೂ ಪರವಾಗಿರಲಿಲ್ಲ. ನನ್ನ ಗಂಡನ ಮನೆತನದ ಸಂತ ಅವನೇ. ಆ ದಿನ ಹಳ್ಳಿಯಲ್ಲಿ ಮಾವನ ಮನೆಯಲ್ಲಿ ಸ್ಲಾವಾ, ಅಂದರೆ ಮನೆಸಂತನ ಹಬ್ಬ. ಬೆಳಗಿನಿಂದ ಪಾದ್ರಿ, ಮೇಣದಬತ್ತಿ, ಸುಟ್ಟ ಹಂದಿ, ಪ್ಲಮ್ ಸಾರಾಯಿ, ಗಂಡಸರ ಕೂಗಾಟ. ಕತ್ತಲಾಗುವ ಹೊತ್ತಿಗೆ ಯಾರಿಗೋ ನೆನಪಾಗಿ, "ಅಯ್ಯೋ, ಈ ಮಗೂದು ಇವತ್ತೇ ಅಲ್ವಾ?" ಅಂದು ಕೆನ್ನೆ ಹಿಂಡಿ, ಕೈಗೊಂದು ಚಾಕಲೇಟು ತುರುಕುತ್ತಿದ್ದರು. ಹುಟ್ಟಿದಾಗಿನಿಂದ ಅವಳ ಹುಟ್ಟುಹಬ್ಬ ಅಷ್ಟೇ.

ಈ ವರ್ಷ ಶಾಲೆಯಿಂದ ಬಂದವಳು ಚೀಲ ಎಸೆದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಮ್ಮಾ, ತೆಯೊದೋರಾ ಹೇಳ್ತಾಳೆ, ನಂಗೆ ಹುಟ್ಟುಹಬ್ಬಾನೇ ಇಲ್ವಂತೆ. ನಾನು ಎಲ್ಲರ ಮನೆ ಕೇಕೂ ತಿನ್ತೀನಂತೆ, ನಾನು ಮಾತ್ರ ಯಾರನ್ನೂ ಕರೆಯಲ್ವಂತೆ."

"ಯಾವಳವಳು? ಅವಳ ಅಮ್ಮನ್ನ ನಾನು ವಿಚಾರಿಸ್ಕೋತೀನಿ."

"ವಿಚಾರಿಸೋದು ಬೇಡ. ನಂಗೆ ನನ್ನ ಹುಟ್ಟುಹಬ್ಬ ಬೇಕು. ಸಂತಂದು ಬೇಡ."

ಆಯಿತು ಎಂದೆ. ಮಾತು ಕೊಟ್ಟ ಮೇಲೆ ನಾನು ಹಿಂದೆ ಸರಿಯುವವಳಲ್ಲ. ನಮ್ಮ ಲಾಪೊವೊ ಊರಿನಲ್ಲಿ ಈಗ ಮಕ್ಕಳ ಹುಟ್ಟುಹಬ್ಬಕ್ಕೆಂದೇ ಬಾಡಿಗೆಯ ಆಟದ ಮನೆಗಳಾಗಿವೆ. ಜಾರುಬಂಡೆ, ಬಣ್ಣದ ಚೆಂಡಿನ ತೊಟ್ಟಿ, ಮುಖಕ್ಕೆ ಬಣ್ಣ ಬಳಿಯುವ ಹುಡುಗಿ. ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ನನಗೆ ಅದು ಎಟುಕುವ ಮಾತಲ್ಲ. ಮನೆಯಲ್ಲೇ ಮಾಡುವುದು ಅಂದುಕೊಂಡೆ. ಬಿಸ್ಕತ್ತು ಪುಡಿ ಮಾಡಿ, ಹಾಲು, ಅಕ್ರೋಟು ಹಾಕಿ ಒಲೆ ಹಚ್ಚದೆ ಮಾಡುವ ಕೇಕು. ಕಾರ್ಖಾನೆಯಲ್ಲಿ ಆಕಾರ ಕೆಟ್ಟ ಬ್ರೆಡ್ಡನ್ನು ನಮಗೇ ಕೊಡುತ್ತಾರೆ, ಅದರಲ್ಲಿ ಸ್ಯಾಂಡ್‌ವಿಚ್. ಜೋಳದ ಅರಳು. ಬೇಸಿಗೆಯಲ್ಲಿ ಮಾಡಿಟ್ಟ ರಾಸ್ಪ್‌ಬೆರಿ ಷರಬತ್ತು. ಹಳೆಯ ಪತ್ರಿಕೆಗಳಿಗೆ ಬಣ್ಣ ಬಳಿದು ಕಿರೀಟಗಳು. ಮಕ್ಕಳು ನಾಲ್ಕು ಗಂಟೆಗೆ ಬರಬೇಕು, ಏಳಕ್ಕೆ ಹೋಗಬೇಕು. ನಮ್ಮದು ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ. ಅವಳ ಕ್ಲಾಸಿನ ಹತ್ತು ಹುಡುಗಿಯರಿಗೆ ಸಾಕು, ಒಬ್ಬರು ಹೆಚ್ಚಾದರೂ ಬಾಲ್ಕನಿಯಲ್ಲಿ ನಿಲ್ಲಬೇಕು.

ಅತ್ತೆಗೆ ಫೋನು ಮಾಡಿದೆ. ಜಗಳಕ್ಕೆ ಸಿದ್ಧಳಾಗಿಯೇ ಮಾಡಿದ್ದು.

"ಅತ್ತೆ, ಈ ಸಲ ನಾವು ಹಳ್ಳಿಗೆ ಬರಲ್ಲ. ಎಂಟನೇ ತಾರೀಕು, ಶನಿವಾರ, ನಮ್ಮ ಮನೆಯಲ್ಲೇ ಇರ್ತೀವಿ."

"ಗೊತ್ತಮ್ಮ," ಎಂದರು ಅತ್ತೆ ಕೊಸಾನಾ. "ಅಲ್ಲಿಲ್ಲದೆ ಇನ್ನೆಲ್ಲಿ ಇರ್ತೀರಿ?"

ಅಷ್ಟೇ. ಕೂಗಲಿಲ್ಲ, ಅಳಲಿಲ್ಲ, ನನ್ನ ಅಪ್ಪನ ಹೆಸರು ತೆಗೆಯಲಿಲ್ಲ. ನಮ್ಮಪ್ಪ ಕಮ್ಯುನಿಸ್ಟ್ ಪಾರ್ಟಿಯವರು, ನಮ್ಮ ಮನೆಯಲ್ಲಿ ಸಂತನೂ ಇರಲಿಲ್ಲ, ಸ್ಲಾವಾನೂ ಇರಲಿಲ್ಲ. ಮದುವೆಯಾದಾಗಿನಿಂದ ಅತ್ತೆ ಅದನ್ನು ಎತ್ತಿ ಆಡುತ್ತಲೇ ಬಂದವರು. ಆ ಬಾಯಿ ಸುಮ್ಮನಾಯಿತು ಎಂದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಅರ್ಥ.

ಅಲ್ಲಿಂದ ಒಂದೊಂದೇ ಶುರುವಾಯಿತು. ಓರಗಿತ್ತಿ ಯಗೋದಾ, ಗಂಡನ ತಮ್ಮನ ಹೆಂಡತಿ, ವರ್ಷಕ್ಕೊಮ್ಮೆ ಫೋನು ಮಾಡುವವಳು, ತಾನಾಗಿಯೇ ಫೋನು ಮಾಡಿದಳು.

"ಅಕ್ಕಾ, ನಿಮ್ಮ ಮೇಜು ಎಳೆದರೆ ಉದ್ದ ಆಗುತ್ತಾ?"

"ಯಾಕೆ?"

"ಸುಮ್ನೆ ಕೇಳ್ದೆ. ನಾಲ್ಕನೇ ಮಹಡಿ ಬೇರೆ. ಲಿಫ್ಟ್ ಓಡುತ್ತಲ್ವಾ?"

"ಓಡದಿದ್ರೆ ನಿಂಗೇನು ನಷ್ಟ?"

ಅವಳು ನಕ್ಕು ಫೋನು ಇಟ್ಟಳು. ಆ ನಗು ನನಗೆ ಗೊತ್ತು. ಬೇರೆಯವರ ಪಾತ್ರೆ ತಳ ಹಿಡಿದಾಗ ನಗುವ ನಗು ಅದು.

ಆಮೇಲೆ ಎದುರು ಮನೆಯ ಪೆರ್ಸಾ ತನ್ನ ಊಟದ ಕುರ್ಚಿಗಳನ್ನೆಲ್ಲ ತಂದು ನನ್ನ ಬಾಗಿಲಲ್ಲಿ ಜೋಡಿಸಿದಳು. "ಇಟ್ಕೊಳಮ್ಮ, ಬೇಕಾಗುತ್ತೆ" ಎಂದಳು. ಮಕ್ಕಳು ನೆಲದ ಮೇಲೆ ಕೂರುತ್ತಾರೆ ಎಂದರೆ ಕಣ್ಣು ಮಿಟುಕಿಸಿ ಹೋದಳು. ನನ್ನ ಗಂಡ ಓಬ್ರಾದ್ ಅಂತೂ ರೈಲು ಯಾರ್ಡಿನಿಂದ ಶಿಳ್ಳೆ ಹೊಡೆಯುತ್ತ ಬರತೊಡಗಿದ. ಒಂದು ಸಂಜೆ ನೋಡಿದರೆ ಸ್ಟೂಲು ಹತ್ತಿ, ಪೂರ್ವದ ಗೋಡೆಗೆ ಮೊಳೆ ಹೊಡೆಯುತ್ತಿದ್ದಾನೆ. ಹೋದ ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ!

"ಅದ್ಯಾಕೆ?"

"ಬೇಕಲ್ಲ."

"ಏನಕ್ಕೆ ಬೇಕು? ಬಲೂನು ಕಟ್ಟೋಕೆ ಅಷ್ಟು ದೊಡ್ಡ ಮೊಳೆ ಬೇಕಾ?"

ಅವನು ಸ್ಟೂಲಿನಿಂದ ಇಳಿದು ನನ್ನ ಹಣೆಗೆ ಮುತ್ತು ಕೊಟ್ಟ. ಕುಡಿದಿರಲಿಲ್ಲ, ಮೂಸಿ ನೋಡಿದೆ. ಸುಮ್ಮಸುಮ್ಮನೆ ಮುತ್ತು ಕೊಡುವ ಗಂಡಸಲ್ಲ ಅವನು. ನನಗೆ ಇನ್ನೂ ಖಾತ್ರಿಯಾಯಿತು. ಎಲ್ಲರೂ ಸೇರಿ ಏನೋ ಮಾಡುತ್ತಿದ್ದಾರೆ. ನನಗೆ ಹೇಳುತ್ತಿಲ್ಲ, ಅಷ್ಟೆ.

"ಶನಿವಾರ ಯಾರ್ಯಾರು ಬರ್ತಾರೆ? ನಿಜ ಹೇಳು ಓಬ್ರಾದ್. ನಿಮ್ಮಮ್ಮ ಬರ್ತಾರಾ?"

"ಬರದೆ ಇರ್ತಾರಾ?"

"ಇನ್ಯಾರು?"

"ಯಾರು ಬರ್ತಾರೋ ಬರ್ತಾರೆ. ಅದನ್ನ ಕೇಳೋಕಾಗುತ್ತಾ? ಒಳ್ಳೆ ಹೆಂಗಸು ನೀನು!"

ಅವತ್ತು ಪಾಳಿಯಲ್ಲಿ ಬ್ರೆಡ್ಡು ಚೀಲಕ್ಕೆ ತುಂಬುತ್ತ ಲೆಕ್ಕ ಹಾಕಿದೆ. ಅತ್ತೆ ಬರುತ್ತಾರೆ. ಜೊತೆಗೆ ನಾಲ್ಕಾರು ನೆಂಟರನ್ನು ಕರೆತರುತ್ತಾರೆ. ಮಕ್ಕಳ ಸ್ಯಾಂಡ್‌ವಿಚ್ ಮುಗಿಯುತ್ತದೆ, ಕೇಕು ಸಾಲುವುದಿಲ್ಲ. ತೆಯೊದೋರಾ ಮನೆಗೆ ಹೋಗಿ ಅವಳಮ್ಮನಿಗೆ ಹೇಳುತ್ತಾಳೆ. ಸೋಮವಾರ ನನ್ನ ಮಗಳು ಶಾಲೆಯಲ್ಲಿ ತಲೆ ತಗ್ಗಿಸಬೇಕು. ಆಗ ಅತ್ತೆ, "ನೋಡಮ್ಮ, ಸಂತನ್ನ ಬಿಟ್ಟು ಹುಟ್ಟುಹಬ್ಬ ಮಾಡೋಕೆ ಹೋದ್ರೆ ಹೀಗೇ" ಎನ್ನುತ್ತಾರೆ. ಸಂಚು ಇಷ್ಟೇ ಎಂದುಕೊಂಡೆ. ಸ್ಯಾಂಡ್‌ವಿಚ್‌ಗಳನ್ನು ಶುಕ್ರವಾರವೇ ಮಾಡಿ, ಪೆಟ್ಟಿಗೆಗೆ ತುಂಬಿ ಬಟ್ಟೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಶನಿವಾರ ಬೆಳಗ್ಗೆ ಯಾರೋ ಬಾಗಿಲು ಬಡಿದರು. ದುನ್ಯಾ ಇನ್ನೂ ಕಿರೀಟಗಳಿಗೆ ಅಂಟು ಹಚ್ಚುತ್ತಿದ್ದಳು. ತೆರೆದರೆ ಅತ್ತೆ, ಮಾವ, ಯಗೋದಾ, ಅವಳ ಗಂಡ. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ತಟ್ಟೆ, ಪಾತ್ರೆ. ಮೈದುನನ ಹೆಗಲ ಮೇಲೆ ಹಾಳೆ ಸುತ್ತಿದ ಸುಟ್ಟ ಹಂದಿ. ಮಾವ ತಿಹೊಮಿರ್ ಕೋಟು ಹಾಕಿಕೊಂಡು, ಎದೆಗೆ ಒಂದು ಟವೆಲಿನ ಗಂಟು ಒತ್ತಿಕೊಂಡು ನಿಂತಿದ್ದರು. ಟವೆಲು ಬಿಚ್ಚಿದರು. ಸಂತ ಡಿಮಿಟ್ರಿಯ ಪಟ, ಹಳ್ಳಿಯ ಮನೆಯದು. ನೇರ ಹೋಗಿ ಪೂರ್ವದ ಗೋಡೆಯ ಮೊಳೆಗೆ ನೇತುಹಾಕಿ ಶಿಲುಬೆ ಗುರುತು ಮಾಡಿಕೊಂಡರು.

ನಾನು ಪಟದ ಮುಂದೆ ಹೋಗಿ ನಿಂತೆ.

"ಏನಿದು? ನನ್ನ ಮನೆಗೆ ಬಂದು ನನ್ನನ್ನು ಕೇಳದೆ ಇದೆಲ್ಲ ಏನು? ಹಳ್ಳಿ ಬಿಟ್ಟು ಇಲ್ಲಿಗ್ಯಾಕೆ ತಂದ್ರಿ? ನಂಗೊತ್ತಿತ್ತು! ಮಗುವಿನ ಒಂದು ದಿನ ನಿಮ್ಮ ಕಣ್ಣಿಗೆ ಚುಚ್ಚುತ್ತೆ ಅಂತ ನಂಗೊತ್ತಿತ್ತು!"

ಯಗೋದಾ ಕೈಯಲ್ಲಿದ್ದ ಪಾತ್ರೆಯನ್ನೂ ಮರೆತು ಬಾಯಿ ತೆರೆದು ನಿಂತಳು. ಅತ್ತೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಒಳಗೆ ಸಂತನ ರೊಟ್ಟಿ, ಮೇಲೆ ಶಿಲುಬೆಯ ಅಚ್ಚು.

"ಬಿಲ್ಯಾನಾ, ನಿಂಗೆ ಬುದ್ಧಿ ನೆಟ್ಟಗಿದೆಯಾ? ಸ್ಲಾವಾ ಕೇಳಿ ಇಸ್ಕೊಂಡೋಳು ನೀನೇ ಅಲ್ವಾ?"

"ನಾನಾ? ಯಾವಾಗ?"

ಮಾವ ಮೆಲ್ಲಗೆ ಹೇಳಿದರು: "ಹೋದ ವರ್ಷ ರೊಟ್ಟಿ ಮುರಿದ ಮೇಲೆ ನೀನು ಬಂದು, 'ಮಾವ, ಅರ್ಧ ನಮಗೆ ಕೊಡಿ, ಮನೆಗೆ ಒಯ್ತೀವಿ' ಅಂದೆ. ಎಲ್ಲರ ಮುಂದೆ ಅಂದೆ. ನಾನು ಮುತ್ತಿಟ್ಟು ನಿನ್ನ ಕೈಗೇ ಕೊಟ್ಟೆ."

ಕೊಟ್ಟದ್ದು ನಿಜ. ಮರುದಿನ ಬೆಳಗ್ಗೆ ಮಗುವಿನ ತಿಂಡಿಗೆ ಮನೆಯಲ್ಲಿ ಬ್ರೆಡ್ಡು ಇರಲಿಲ್ಲ, ಅಲ್ಲಿ ಒಳ್ಳೆಯ ಗೋಧಿ ರೊಟ್ಟಿ ಉಳಿದಿತ್ತು, ಕೇಳಿದೆ. ಮುದುಕರ ಕಣ್ಣು ಒದ್ದೆಯಾದದ್ದನ್ನೂ ನೋಡಿದ್ದೆ, ಸಾರಾಯಿ ಹೆಚ್ಚಾಗಿದೆ ಎಂದುಕೊಂಡಿದ್ದೆ. ಬೇರೆ ಮನೆ ಮಾಡಿದ ಮಗ ಆ ರೊಟ್ಟಿಯ ಅರ್ಧವನ್ನು ಮನೆಗೆ ಒಯ್ದರೆ ಮುಂದಿನ ವರ್ಷದಿಂದ ಸಂತ ಅವನ ಮನೆಯಲ್ಲೇ ಕೂರುತ್ತಾನೆ ಎಂದು ಕಮ್ಯುನಿಸ್ಟನ ಮಗಳಿಗೆ ಯಾರು ಹೇಳಿಕೊಟ್ಟಿದ್ದರು?

"ಒಬ್ಬರಾದರೂ ಬಾಯಿ ಬಿಡಬಾರದಾಗಿತ್ತಾ?"

"ಸ್ಲಾವಾಕ್ಕೆ ಯಾರಾದರೂ ಕರೆಯೋದುಂಟಾ, ಬರ್ತೀವಿ ಅಂತ ಹೇಳೋದುಂಟಾ?" ಎಂದ ಓಬ್ರಾದ್. "ಗೊತ್ತಿರೋರು ಬರ್ತಾರೆ. ನೀನು ಹುಟ್ಟುಹಬ್ಬವನ್ನೂ ಅದೇ ದಿನ ಇಟ್ಟಾಗ, ಒಂದೇ ಖರ್ಚಲ್ಲಿ ಎರಡೂ ಮುಗಿಸ್ತಾಳೆ ಅಂದ್ಕೊಂಡೆ. ನಿನ್ನ ಕೈ ಬಿಗಿ ನಂಗೊತ್ತಿಲ್ವಾ?"

"ಎಷ್ಟು ಜನ ಬರಬಹುದು?"

ಓಬ್ರಾದ್ ಬೆರಳು ಮಡಚಿ ಎಣಿಸತೊಡಗಿ, ಅರ್ಧಕ್ಕೇ ಕೈಬಿಟ್ಟ. ಹಳ್ಳಿಗೆ ಬರುವವರೆಲ್ಲ ಇಲ್ಲಿಗೆ ಬರುತ್ತಾರೆ. ಜೊತೆಗೆ ರೈಲು ಯಾರ್ಡಿನವರು, ಈ ಕಟ್ಟಡದವರು. ಬಾಗಿಲು ಮುಚ್ಚುವಂತಿಲ್ಲ, ಸ್ಲಾವಾಕ್ಕೆ ಬಂದವರನ್ನು ಕಳಿಸುವಂತಿಲ್ಲ. ಹಿಂದಿರುಗಿ ನೋಡಿದೆ. ದುನ್ಯಾ ಗೋಡೆಯ ಬಣ್ಣದ ಕಾಗದಗಳನ್ನು ಒಂದೊಂದಾಗಿ ಕಿತ್ತು ಮಡಚುತ್ತಿದ್ದಳು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಅದನ್ನ ಮುಟ್ಟಬೇಡ!" ಎಂದು ಕೂಗಿದೆ. "ನಾಲ್ಕಕ್ಕೆ ನಿನ್ನ ಹುಡುಗಿಯರು ಬರ್ತಾರೆ. ನಾಲ್ಕಕ್ಕೆ ಈ ಮನೆ ನಿಂದು."

ಯಗೋದಾ ತುಟಿ ಕಚ್ಚಿ ನಗುತ್ತ, "ಅಕ್ಕಾ, ಸಂತನ್ನ ಯಾವ ಗಾಡಿಗೆ ಹತ್ತಿಸ್ತೀರಿ?" ಎಂದಳು. ಇವಳು ಹೊಂಚು ಹಾಕುತ್ತಿದ್ದಾಳೆ ಎಂದುಕೊಂಡೆ. ಅತ್ತೆ ಮಾತ್ರ ನನ್ನನ್ನು ಬಿಟ್ಟು ಮಗುವನ್ನೇ ನೋಡುತ್ತಿದ್ದರು. ಅದೂ ನನಗೆ ಹಿಡಿಸಲಿಲ್ಲ.

ಪಾದ್ರಿ ಬಂದರು, ರೊಟ್ಟಿಯ ಮೇಲೆ ಕೆಂಪು ವೈನು ಸುರಿದರು, ಎಲ್ಲರೂ ಸೇರಿ ತಿರುಗಿಸಿ ಮುರಿದೆವು. ಆಮೇಲೆ ಬಾಗಿಲು ಮುಚ್ಚಲೇ ಇಲ್ಲ. ಬಂದವರೆಲ್ಲ ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿಯನ್ನು ಒಂದು ಚಮಚ ತಿಂದು, ಸಾರಾಯಿ ಕುಡಿದು, ಕೂತರು. ಪೆರ್ಸಾಳ ಕುರ್ಚಿಗಳು ತುಂಬಿದವು, ಮಂಚ ತುಂಬಿತು, ಸ್ನಾನದ ತೊಟ್ಟಿಯ ಅಂಚಿನ ಮೇಲೂ ಒಬ್ಬ ಕೂತಿದ್ದ. ಓಬ್ರಾದ್ ಮನೆ ಯಜಮಾನ, ಅವತ್ತು ಕೂರುವ ಹಾಗಿಲ್ಲ, ಬಾಟಲಿ ಹಿಡಿದು ನಿಂತೇ ಇದ್ದ. ನಾನು ಗಡಿಯಾರ ನೋಡುತ್ತಿದ್ದೆ. ಮೂರಾಯಿತು. ಯಾರೂ ಏಳುವ ಲಕ್ಷಣವಿಲ್ಲ. ಯಾರೋ ಹಾಡು ಬೇರೆ ಶುರು ಮಾಡಿದ.

ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಗೆ ಕಾಫಿ ಹಾಕಿದೆ. ಬಂದಾಗ ಕೊಡುವ ಕಾಫಿ ಬೇರೆ, ಕೊನೆಗೆ ಕೊಡುವ ಕಾಫಿ ಬೇರೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಆ ಎರಡನೇ ಕಾಫಿ ಬಂತೆಂದರೆ ಅತಿಥಿ ಟೋಪಿ ಹುಡುಕಬೇಕು. ಸ್ಲಾವಾದ ದಿನ ಅದನ್ನು ಕೊಟ್ಟ ಮನೆ ಈ ಸೀಮೆಯಲ್ಲೇ ಇಲ್ಲ. ಕೊಟ್ಟರೆ ನೆಂಟಸ್ತಿಕೆ ಮುರಿದಂತೆ. ಮುರಿಯಲಿ. ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುವಾಗ ಹಿಂದೆ ಯಾರೋ ಬಂದು ನಿಂತರು.

"ಏನ್ ಮಾಡ್ತಿದ್ದೀಯ?" ಅತ್ತೆ.

"ಕಾಣ್ತಿಲ್ವಾ?"

"ಕಾಣ್ತಿದೆ. ಕೊಡು ಇಲ್ಲಿ."

ತಟ್ಟೆ ಕಿತ್ತುಕೊಂಡರು. ಸಿಂಕಿಗೆ ಸುರಿಯುತ್ತಾರೆ ಎಂದು ನಾನು ಅಡ್ಡ ನಿಂತೆ.

"ದಾರಿ ಬಿಡೇ. ನೀನು ಕೊಟ್ರೆ ಊರೆಲ್ಲ ಆಡ್ಕೊಳುತ್ತೆ. ನಾನು ಕೊಟ್ರೆ ಮುದುಕಿಗೆ ಅರಳುಮರಳು ಅಂತಾರೆ, ಅಷ್ಟೆ."

ಹೋಗಿ ಮೊದಲ ಲೋಟವನ್ನು ತಮ್ಮ ಗಂಡನ ಮುಂದೆಯೇ ಇಟ್ಟರು. ಹಾಡು ನಿಂತಿತು. ಮಾವ ಲೋಟ ನೋಡಿದರು, ಹೆಂಡತಿಯ ಮುಖ ನೋಡಿದರು, ಬಾಗಿಲ ಹತ್ತಿರ ಕಿರೀಟ ಹಿಡಿದು ನಿಂತಿದ್ದ ಮೊಮ್ಮಗಳನ್ನು ನೋಡಿದರು. ಬಿಸಿಬಿಸಿಯಾಗಿಯೇ ಒಂದು ಗುಟುಕಿಗೆ ಕುಡಿದು ಎದ್ದು, "ಸಂತ ಎಲ್ಲರಿಗೂ ಒಳ್ಳೇದು ಮಾಡಲಿ. ಏಳ್ರಪ್ಪ, ನನ್ನ ಸೊಂಟ ಇನ್ನು ತಾಳಲ್ಲ" ಎಂದರು. ಮನೆತನದ ಹಿರಿಯನೇ ಎದ್ದ ಮೇಲೆ ಯಾರು ಕೂರುತ್ತಾರೆ? ಗೊಣಗುತ್ತ, ಒಬ್ಬರ ಕೋಟು ಒಬ್ಬರು ಹಾಕಿಕೊಂಡು ಇಳಿದರು. ಯಗೋದಾ ಕೊನೆಗೆ ಹೋದಳು, ಮೆಟ್ಟಿಲುದ್ದಕ್ಕೂ ಗಂಡನ ಕಿವಿಯಲ್ಲಿ ಪಿಸುಗುಟ್ಟುತ್ತ. ವರ್ಷವಿಡೀ ಹೇಳಿಕೊಂಡು ತಿರುಗಲು ಅವಳಿಗೆ ಸಾಕಷ್ಟು ಸಿಕ್ಕಿತು.

ಅತ್ತೆ ಹೋಗಲಿಲ್ಲ. ಮಾವನನ್ನು ಪೆರ್ಸಾಳ ಮನೆಯಲ್ಲಿ ಮಲಗಿಸಿ ಬಂದು, ಅಡುಗೆಮನೆಯಲ್ಲಿ ತೋಳು ಮಡಚಿ ಲೋಟ ತೊಳೆಯತೊಡಗಿದರು. ಇದರಲ್ಲಿ ಇವರಿಗೆ ಏನು ಲಾಭ ಎಂದು ಈಗಲೂ ಯೋಚಿಸುತ್ತೇನೆ. ಮುಂದಿನ ಸಲ ಏನೋ ಕೇಳುತ್ತಾರೆ, ನೋಡುತ್ತಿರಿ.

ಹುಡುಗಿಯರು ಬಂದರು. ತೆಯೊದೋರಾ ಒಳಗೆ ಕಾಲಿಟ್ಟವಳೇ ಪಟದ ಮುಂದೆ ಉರಿಯುತ್ತಿದ್ದ ಮೇಣದಬತ್ತಿ ನೋಡಿ, "ಇದನ್ನ ಊದಬೇಕಾ?" ಎಂದಳು. "ಅದು ಸಂತಂದು, ನಂದು ಕೇಕ್ ಮೇಲಿದೆ" ಎಂದಳು ದುನ್ಯಾ. ಕಪಾಟಿನ ಬೀಗ ತೆಗೆದೆ. ಸ್ಯಾಂಡ್‌ವಿಚ್ ಸಾಲಿತು, ಹಂದಿಯಂತೂ ಮಿಕ್ಕಿತು. ಕುರ್ಚಿಗಳನ್ನು ಸಾಲಾಗಿಟ್ಟು ರೈಲು ಮಾಡಿ, ಕೆಳಗಿನ ಮಹಡಿಯವರು ಸೂರಿಗೆ ಕೋಲಿನಿಂದ ಕುಟ್ಟುವವರೆಗೂ ಕೂಗಿದರು.

ಕತ್ತಲಾದ ಮೇಲೆ ಮತ್ತೆ ಯಾರೋ ಬಾಗಿಲು ಬಡಿದರು. ಯಗೋದಾಳೇ ಯಾರನ್ನೋ ಕಳಿಸಿದ್ದಾಳೆ ಎಂದುಕೊಂಡು ಕೈ ಒರೆಸಿಕೊಂಡು ಓಡಿದೆ. ಅಷ್ಟರಲ್ಲಿ ದುನ್ಯಾ ತೆರೆದಿದ್ದಳು. ಓಬ್ರಾದನ ಮೇಲಧಿಕಾರಿ, ಯಾರ್ಡಿನ ಫೋರ್‌ಮನ್, ಬಾಗಿಲಿನಷ್ಟೇ ಎತ್ತರದ ಮನುಷ್ಯ, ಪಾಳಿ ಮುಗಿಸಿ ಬಾಟಲಿ ಹಿಡಿದು ಬಂದಿದ್ದ.

"ಸ್ಲಾವಾ ಇಲ್ಲೇ ಅಲ್ವೇನಮ್ಮ?"

"ಅದು ಮುಗೀತು," ಎಂದಳು ನನ್ನ ಮಗಳು, ಸೊಂಟದ ಮೇಲೆ ಕೈಯಿಟ್ಟು. "ಈಗ ನನ್ನ ಹುಟ್ಟುಹಬ್ಬ. ಒಳಗೆ ಬರೋದಾದ್ರೆ ಕಿರೀಟ ಹಾಕ್ಕೋಬೇಕು."

ಅವನು ನನ್ನ ಕಡೆ ನೋಡಿದ. ನಾನು ಮಗಳ ಕಡೆ ಕೈ ತೋರಿಸಿದೆ. ಆ ದೊಡ್ಡ ಮನುಷ್ಯ ಬಾಗಿಲಲ್ಲೇ ತಲೆ ಬಗ್ಗಿಸಿದ. ದುನ್ಯಾ ತುದಿಗಾಲಲ್ಲಿ ನಿಂತು ಕಾಗದದ ಕಿರೀಟ ಇಟ್ಟು, ಓರೆಯಾಗಿದೆ ಎಂದು ಸರಿಪಡಿಸಿ, "ಈಗ ಬನ್ನಿ" ಎಂದು ದಾರಿ ಬಿಟ್ಟಳು.