ಅಜ್ಜಿಯನ್ನು ಮುಟ್ಟಬಹುದು

ಅಕ್ಕನ ಮನೆಯ ಗೇಟಿಗೆ ಒಬ್ಬ ರಾಕ್ಷಸ ಒರಗಿ ನಿಂತಿದ್ದ. ಹಲಗೆಯ ಮೇಲೆ ಬರೆದ ರಾಕ್ಷಸ. ಸೊಂಟದ ಮಟ್ಟಕ್ಕೆ ಕೈ ಚಾಚಿ, 'ನನ್ನ ಕೈಗಿಂತ ಕುಳ್ಳಗಿರುವವರು ದೊಡ್ಡವರ ಜೊತೆಯಲ್ಲೇ ಕೂರಬೇಕು' ಎಂದು ಎದೆಯ ಮೇಲೆ ಬರೆಸಿಕೊಂಡಿದ್ದ. ಎಂದೋ ಬಾಗಿಲು ಹಾಕಿದ ಯಾವುದೋ ಕಥೆಗಳ ಪಾರ್ಕಿನಲ್ಲಿ, ಆಟದ ಬಂಡಿ ಹತ್ತುವ ಮಕ್ಕಳ ಎತ್ತರ ಅಳೆಯುವುದು ಅವನ ಕೆಲಸವಾಗಿತ್ತು. ಅಂಗೈ ಇದ್ದ ಕಡೆ ಬಣ್ಣವೇ ಉಳಿದಿರಲಿಲ್ಲ. ಊರ ಮಕ್ಕಳ ತಲೆಯೆಣ್ಣೆಯನ್ನೆಲ್ಲ ಕುಡಿದು ಮರ ಕಪ್ಪಗೆ, ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ಆ ಕೈ ತನಗೆ ತಾಗದ ಹಾಗೆ ಮೈಯನ್ನು ಹಿಡಿಯಾಗಿಸಿಕೊಂಡು ಚಿಕ್ಕಿ ಒಳಗೆ ನುಸುಳಿದಳು.

ಚಿಕ್ಕಿ ಎಂದು ಕರೆದವಳು ಅಜ್ಜಿ. ಈ ಹುಡುಗಿ ಸದಾ ಆಕಾಶದಲ್ಲೇ ಇರ್ತಾಳೆ, ಕೆಳಗೆ ಇಳಿಯೋದು ಊಟದ ಹೊತ್ತಿಗೆ ಮಾತ್ರ ಅಂತ. ಅದೂ ಸುಮ್ಮನೆ ಇಳಿಯುತ್ತಿರಲಿಲ್ಲ. ತುತ್ತಿಗೊಂದು ಮಾತಿನಂತೆ ಕಥೆ ಬೇಕಿತ್ತು. ಗಾಳಿಗೆ ಹೊಟ್ಟೆನೋವು ಬಂದ ಕಥೆ, ತನ್ನ ನೆರಳನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ ರಾಣಿಯ ಕಥೆ. ಅಜ್ಜಿಯ ಕಥೆಗಳಲ್ಲಿ ಯಾರಿಗೂ ಮುಖ ಇರುತ್ತಿರಲಿಲ್ಲ. ಮುಖ ಹಚ್ಚಿಕೊಳ್ಳುವುದು ಕೇಳುವವರ ಕೆಲಸ. ಚಿಕ್ಕಿ ರಾತ್ರಿಯೆಲ್ಲ ಕಣ್ಣು ಮುಚ್ಚಿ ಮುಖ ಹಚ್ಚುತ್ತಿದ್ದಳು. ಪಕ್ಕದಲ್ಲಿ ಮಲಗಿದ್ದ ಅಕ್ಕ, ಆ ರಾಣಿ ನೋಡೋಕೆ ಹೇಗಿದ್ದಳು ಹೇಳು ಅಜ್ಜಿ ಎಂದು ಗೋಗರೆಯುತ್ತಿದ್ದಳು. ಅಜ್ಜಿ ಹೇಳುತ್ತಿರಲಿಲ್ಲ. ಅಕ್ಕನಿಗೆ ಅದೇ ಒಂದು ಕೊರಗಾಗಿ ಉಳಿಯಿತೋ ಏನೋ. ದೊಡ್ಡವಳಾದ ಮೇಲೆ ಮುಖಗಳನ್ನೇ ಕೂಡಿಹಾಕತೊಡಗಿದಳು.

ಪಾರ್ಕು ಮುಚ್ಚುತ್ತಿದೆ ಎಂಬ ಸುದ್ದಿ ಎಲ್ಲಿಂದ ಬಂದರೂ ಸಾಕು, ಅಕ್ಕ ಭಾವನನ್ನು ವ್ಯಾನು ಹತ್ತಿಸಿಕೊಂಡು ಹೊರಡುತ್ತಿದ್ದಳು. ದಾರಿ ತೋರಿಸುವ ಕುಬ್ಜರ ಫಲಕಗಳು, ಬಾಯಿಯೊಳಗೆ ಕಸ ಹಾಕಿಸಿಕೊಳ್ಳುವ ಕಪ್ಪೆಗಳು, ಮೂಗು ಮುರಿದ ಮಾಟಗಾತಿಯರು, ಕೀಲಿ ಕೊಟ್ಟರೆ ಒಂದೇ ಸಾಲು ಹಾಡಿ ಗಂಟಲು ಕಟ್ಟಿಕೊಳ್ಳುವ ರಾಜಕುಮಾರಿಯರು, ಬಿಲ್ಲೆ, ಬಟ್ಟಲು, ಬೀಸಣಿಗೆ. ಮನೆಯೇ ಅಂಗಡಿ, ಅಂಗಡಿಯೇ ಮನೆ. ಭಾನುವಾರ ಸಂಗ್ರಹಗಾರರು ನೋಡಲು ಬರುತ್ತಿದ್ದರು, ಕೊಳ್ಳುತ್ತಿದ್ದರು, ಬದಲಾಯಿಸಿಕೊಳ್ಳುತ್ತಿದ್ದರು. ಭಾವ ಪಾಪದ ಮನುಷ್ಯ, ಎಲೆಕ್ಟ್ರಿಷಿಯನ್. ಸತ್ತ ಬಲ್ಬುಗಳಿಗೆ ಜೀವ ಕೊಡುವ ಕೈಗಲ್ಲದೆ ಆ ಮನೆಯಲ್ಲಿ ಅವನ ಬಾಯಿಗೆ ಕೆಲಸವಿರಲಿಲ್ಲ.

ಸಂಗ್ರಹಗಾರರ ಲೋಕದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವುದನ್ನೂ ತೊಳೆಯಬಾರದು. ತೊಳೆದರೆ ಬೆಲೆ ಹೋಯಿತು. ಕಪ್ಪೆಯ ಗಂಟಲಿನಲ್ಲಿ ಒಣಗಿ ಕೂತ ಐಸ್‌ಕ್ರೀಮು, ರಾಜಕುಮಾರಿಯ ಕೆನ್ನೆಗೆ ಅಂಟಿದ ಯಾರದೋ ಮಗುವಿನ ಸಿಂಬಳ, ಎಲ್ಲ ಸಾಕ್ಷಿ. ಹಳೆಯದೋ ಹೊಸದೋ ಎಂದು ತಿಳಿಯಲು ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಬೇಕು. ಹಳೆಯ ಬಣ್ಣ ಅಲುಗುವುದಿಲ್ಲ. ಮೊನ್ನೆ ಬಳಿದು ಹಳತು ಮಾಡಿದ್ದಾದರೆ ಬೆರಳಿಗೆ ಬರುತ್ತದೆ. ಹಾಗೆ ಉಜ್ಜಿದ ಬೆರಳನ್ನು ಅವರು ಮತ್ತೆ ನಾಲಿಗೆಗೆ ತಾಗಿಸಿ ಮುಂದಿನ ಸಾಮಾನಿಗೆ ಹೋಗುವುದನ್ನು ಮೊದಲ ಸಲ ನೋಡಿದ ದಿನ ಚಿಕ್ಕಿಗೆ ಮಧ್ಯಾಹ್ನದ ಊಟ ಇಳಿದಿರಲಿಲ್ಲ.

ಅವಳ ಹೊಟ್ಟೆಪಾಡೂ ಕೊಳೆಯದೇ. ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ಇಳಿಸಿಕೊಳ್ಳುವವಳು. ಕಾಲರು ಬಿಡಿಸಿ, ಕಂಕುಳು ತಿರುಗಿಸಿ, ಇದು ಸಾರಿನ ಕಲೆ, ಇದು ಬೆವರಿನದು ಎಂದು ಚೀಟಿ ಕಟ್ಟಿ ಒಳಗೆ ಕಳಿಸಬೇಕು. ಆದರೆ ಅಲ್ಲಿ ಕೊಳೆ ಬರುವುದು ಹೋಗುವುದಕ್ಕೆ. ಈಗ ಅಂಗಡಿಯ ಮೇಲೆಯೇ ಅವಳಿಗೊಂದು ಕೋಣೆ ಸಿಕ್ಕಿತ್ತು. ಗೋಡೆಗೆ ಬಿಳಿ ಬಳಿಸಿ, ಎರಡು ಮಂಚ ಹಾಕಿಸಿ, ಒಂದರ ಮೇಲೆ ಬಿಳಿಯ ಹೊದಿಕೆಯನ್ನು ಸುಕ್ಕಿಲ್ಲದಂತೆ ಹಾಸಿ ಬಂದಿದ್ದಳು. ಇವತ್ತು ಅಜ್ಜಿಯನ್ನು ಕರೆದುಕೊಂಡು ಹೋಗುವುದು ಎಂದು ಗಟ್ಟಿ ಮಾಡಿಕೊಂಡಾಗಿತ್ತು. ಭಾವನ ವ್ಯಾನಿನಲ್ಲಿ ಹಿಂದಿನ ಸೀಟಿಗೆ ದಿಂಬು ಕೊಟ್ಟು ಕೂರಿಸಿದರಾಯಿತು. ಅಕ್ಕನಿಗೆ ಇನ್ನೂ ಹೇಳಿರಲಿಲ್ಲ.

ಹಜಾರದಲ್ಲಿ ಆಗಲೇ ಜನ ಇದ್ದರು. ಮುಗ್ಗಲು ಹಿಡಿದ ಬಟ್ಟೆ, ತುಕ್ಕು, ಇಲಿ ಹಿಕ್ಕೆ, ಬೆವರು ಎಲ್ಲ ಕಲೆತ ವಾಸನೆ ಮೂಗಿಗೆ ಬಡಿಯಿತು. ಅಜ್ಜಿಯ ಕೋಣೆ ಎಲ್ಲಿ ಹೋಯಿತು ಎಂದು ಭಾವನನ್ನು ಕೇಳಿದಳು. ಹಿಂದಿನ ಸಲ ಬಂದಾಗ ಅಜ್ಜಿ ಮೂಲೆಯ ಕೋಣೆಯಲ್ಲಿದ್ದಳು. ಈಗ ಅಲ್ಲಿ ನೆಲದಿಂದ ಸೂರಿನವರೆಗೆ ಕಪ್ಪೆಗಳು. ಭಾವ ಸ್ಕ್ರೂಡ್ರೈವರಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತ ಹಜಾರದ ಆ ಕೊನೆಗೆ ಗಲ್ಲ ಎತ್ತಿ ತೋರಿಸಿದ, ತೋರಿಸಿದವನೇ ವೈರು ಹುಡುಕುವ ನೆಪದಲ್ಲಿ ಮರೆಯಾದ.

ಆ ಕೊನೆಯಲ್ಲಿ ಒಂದು ದೊಡ್ಡ ಮಂಚ. ಕಾಲಿನ ಕಡೆ ಫೈಬರಿನ ಕರಡಿಯೊಂದು ಕುಕ್ಕರುಗಾಲಲ್ಲಿ ಕೂತಿತ್ತು. ತೂತಿಗೆ ಬಿಲ್ಲೆ ಹಾಕಿದರೆ ಗುರುಗುಟ್ಟುವ ಕರಡಿ. ಪಾರ್ಕಿನಲ್ಲಿ ಆ ಮಂಚದ ಮೇಲೆ ಬಟ್ಟೆಯ ಅಜ್ಜಿಯೊಂದು ಮಲಗಿರುತ್ತಿತ್ತಂತೆ. ಮಕ್ಕಳು ಹತ್ತಿ ಅವಳ ಪಕ್ಕ ಮಲಗಬೇಕು, ಕರಡಿ ಹೆದರಿಸಬೇಕು, ಮಕ್ಕಳು ಕಿರುಚಬೇಕು. ಹೆದರಿದ ಮಕ್ಕಳು ಏನು ಮಾಡುತ್ತವೆ ಎಂಬುದು ಹಾಸಿಗೆ ನೋಡಿದರೆ ತಿಳಿಯುತ್ತಿತ್ತು. ಒಂದರ ಮೇಲೊಂದು ಬಿದ್ದ ಹಳದಿ ಕಲೆಗಳು, ಅಂಚು ಕಂದು ಕಟ್ಟಿ, ನಕ್ಷೆಯ ಹಾಗೆ. ಚೀಟಿ ಕಟ್ಟುವ ಚಿಕ್ಕಿಯ ಕಣ್ಣು ಬೇಡವೆಂದರೂ ಒಂದೊಂದನ್ನೂ ಗುರುತಿಸಿತು. ಮಂಚದ ತಲೆಯ ಮೇಲೆ ತಗಡಿನ ಫಲಕ: 'ಅಜ್ಜಿಯನ್ನು ಮುಟ್ಟಬಹುದು. ಕರಡಿಯನ್ನು ಮುಟ್ಟಬಾರದು.' ಕರಡಿಯೊಳಗೆ ಕರೆಂಟು ಇತ್ತಲ್ಲ, ಅದಕ್ಕೆ.

ಬಟ್ಟೆಯ ಅಜ್ಜಿಯನ್ನು ಎಂದೋ ಇಲಿ ತಿಂದಿತ್ತು. ಆ ಜಾಗದಲ್ಲಿ ಅವರ ಅಜ್ಜಿ ಮಲಗಿದ್ದಳು.

ತಲೆಗೆ ಲೇಸಿನ ಟೋಪಿ. ಟೋಪಿಯ ಪಟ್ಟಿ ಗಲ್ಲದ ಕೆಳಗೆ ಕಪ್ಪುಗಟ್ಟಿತ್ತು. ಕಣ್ಣು ಮುಚ್ಚಿ, ಎರಡೂ ಕೈ ಹೊದಿಕೆಯ ಮೇಲಿಟ್ಟು ಅಲುಗದೆ ಮಲಗಿದ್ದಳು. ಬಂದವರು ಫಲಕ ಓದಿ, ನಕ್ಕು, ಅವಳ ಕೈ ಒತ್ತಿ, ಟೋಪಿ ಸರಿಮಾಡಿ ಹೋಗುತ್ತಿದ್ದರು. ಒಬ್ಬ ಹೆಂಗಸು ಪಕ್ಕದಲ್ಲಿ ಮಲಗಿ ಫೋಟೋ ತೆಗೆಸಿಕೊಂಡಳು. ಚಿಕ್ಕಿಯ ಕಾಲುಗಳು ನಿಂತಲ್ಲೇ ಕಚ್ಚಿಕೊಂಡವು. ಕರವಸ್ತ್ರ ಮೂಗಿಗೆ ಹೋದದ್ದು ಅವಳಿಗೇ ತಿಳಿಯಲಿಲ್ಲ.

ಆಗ ಬಂದವರು ಬಿಲ್ಲೆ ಮಾಮ. ಕೋಟಿನ ತುಂಬ ಪಾರ್ಕಿನ ಬಿಲ್ಲೆಗಳನ್ನು ಚುಚ್ಚಿಕೊಂಡು ಓಡಾಡುವ ಮುದುಕರು. ಸಂಗ್ರಹಗಾರರಲ್ಲಿ ಎಲ್ಲರಿಗೂ ಹಿರಿಯರು. ಅವರು ಹಳೆಯದು ಎಂದರೆ ಹಳೆಯದು. ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು, ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಮಂಚ ತಟ್ಟಿದರು, ಕರಡಿಯನ್ನು ಮೂಸಿದರು, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ಆಮೇಲೆ ಹೆಬ್ಬೆರಳನ್ನು ಬಾಯಿಗೆ ಹಾಕಿ ಚೆನ್ನಾಗಿ ಒದ್ದೆ ಮಾಡಿಕೊಂಡು, ಬಗ್ಗಿ, ಅಜ್ಜಿಯ ಕೆನ್ನೆಯನ್ನು ಗಸಗಸನೆ ಉಜ್ಜಿದರು.

ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಸಿಂಡರಿಸಿದರು.

"ಇದು ಹೊಸದಮ್ಮ," ಎಂದರು ಅಕ್ಕನಿಗೆ. "ಬಣ್ಣ ಬಿಡ್ತಾ ಇದೆ."

ಹಜಾರವೆಲ್ಲ ಗೊಳ್ಳೆಂದಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಕಣ್ಣು ತೆರೆದು, ನಿಮ್ಮ ಬೆರಳು ಬಲು ಒರಟು ಕಣಪ್ಪ ಎಂದಾಗ ಬಿಲ್ಲೆ ಮಾಮ ಹಿಂದಕ್ಕೆ ಹಾರಿ ಕರಡಿಯ ಮೇಲೆ ಕೂತರು, ಬಿಲ್ಲೆ ಹಾಕದೆಯೇ ಕರಡಿ ಗುರುಗುಟ್ಟಿತು, ನಗೆ ಇನ್ನೊಂದು ಸುತ್ತು ಎದ್ದಿತು. ಚಿಕ್ಕಿ ಮಾತ್ರ ಅಜ್ಜಿಯ ಕೆನ್ನೆಯನ್ನೇ ನೋಡುತ್ತಿದ್ದಳು. ಉಜ್ಜಿದ ಕಡೆ ಒಂದು ಗೀರು, ಹೆಬ್ಬೆರಳಿನಷ್ಟು ಅಗಲ, ಸುತ್ತಲಿನ ಚರ್ಮಕ್ಕಿಂತ ಬೆಳ್ಳಗೆ, ಎಳೆಯದಾಗಿ ಕಾಣುತ್ತಿತ್ತು.

ಬೆರಳಿಗೆ ಬಂದದ್ದು ಬಣ್ಣವಲ್ಲ, ಕೊಳೆ. ಚಿಕ್ಕಿ ಹಿತ್ತಲ ಕಡೆಗೆ ಓಡಿ, ನಲ್ಲಿಯ ಹತ್ತಿರ ಗೋಡೆ ಹಿಡಿದು ಬಗ್ಗಿದಳು.

ಅಕ್ಕ ಹಿಂದೆಯೇ ಬಂದಳು, ಇನ್ನೂ ನಗು ಮುಗಿದಿರಲಿಲ್ಲ. ಚಿಕ್ಕಿ ಬಾಯಿ ಒರೆಸಿಕೊಂಡು, ಅಜ್ಜಿಗೆ ಸ್ನಾನ ಮಾಡಿಸಿ ಎಷ್ಟು ದಿನ ಆಯಿತು ಎಂದು ಕೇಳಿದಳು. ಅಕ್ಕ, ನೀರು ಅಂದರೆ ಅಜ್ಜಿ ಮನೆ ಹಾರಿಹೋಗುವ ಹಾಗೆ ಕೂಗುತ್ತಾಳೆ, ಒಬ್ಬಳೇ ಎತ್ತಿ ಎತ್ತಿ ತನ್ನ ಸೊಂಟ ಬಿದ್ದಿದೆ, ಭಾವನಿಗೆ ನಾಚಿಕೆ ಎಂದೆಲ್ಲ ಹೇಳಿದಳು. ಮಂಚ ತಂದ ದಿನ ತಮಾಷೆಗೆಂದು ಕೂರಿಸಿದ್ದು. ಇಳಿಯುವುದಿಲ್ಲ ಎಂದವಳು ಅಜ್ಜಿಯೇ ಅಂತೆ.

ಚಿಕ್ಕಿಯ ಕಿವಿಗೆ ಒಂದು ಮಾತೂ ಇಳಿಯಲಿಲ್ಲ. ನಿನ್ನ ಸಾಮಾನಿನ ಹಾಗೆ ಅಜ್ಜಿಯನ್ನೂ ತೊಳೆಯದೆ ಇಟ್ಟಿದ್ದೀಯ, ಥೂ, ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದಳು. ಅಕ್ಕನ ಮುಖದಿಂದ ನಗು ಜಾರಿತು.

"ನೀನು ಕಥೆ ಕೇಳೋಕೆ ಬರ್ತಿದ್ದೆ ಕಣೇ," ಎಂದಳು, ದನಿ ಎತ್ತದೆ. "ನಾನು ಅವಳ ಉಚ್ಚೆ ಪಾತ್ರೆ ಎತ್ತಿ ಚೆಲ್ತಿದ್ದೆ. ಈಗ ನಿನಗೆ ನಾತ ಬಂತು. ಕರ್ಕೊಂಡು ಹೋಗು. ಬರ್ತಾಳಾ ಕೇಳು ಮೊದಲು."

ಅಕ್ಕ ಒಳಗೆ ಹೋಗಿ ಜನರನ್ನು ಅಂಗಳಕ್ಕೆ ಸಾಗಹಾಕಿದಳು. ಹಜಾರದಲ್ಲಿ ಅಜ್ಜಿ, ಮೊಮ್ಮಗಳು, ಕರಡಿ ಉಳಿದರು. ಚಿಕ್ಕಿ ಮಂಚದಿಂದ ಎರಡು ಮಾರು ದೂರದಲ್ಲಿ ನಿಂತು ತನ್ನ ಕೋಣೆಯ ವರ್ಣನೆ ಶುರುಮಾಡಿದಳು. ಬಿಳಿ ಗೋಡೆ, ಬಿಳಿ ಹೊದಿಕೆ, ಕೆಳಗಿನಿಂದ ಇಸ್ತ್ರಿಯ ಬಿಸಿ ವಾಸನೆ. ನೆರಳು ಮಡಚಿಟ್ಟ ರಾಣಿ ಇದ್ದಂಥ ಕೋಣೆ ಅಜ್ಜಿ, ನೀನೇ ಹೇಳ್ತಿದ್ದೆಯಲ್ಲ, ಎಂದಳು.

ಅಜ್ಜಿಗೆ ಆ ರಾಣಿ ನೆನಪಿದ್ದ ಹಾಗಿರಲಿಲ್ಲ. ಕಿಟಕಿ ಯಾವ ಕಡೆಗಿದೆ ಎಂದು ಕೇಳಿದಳು. ಹಿಂದಿನ ಮನೆಯ ಗೋಡೆಯ ಕಡೆಗೆ, ಎಂದಳು ಚಿಕ್ಕಿ. ನೀನು ಮೇಲೆ ಬರೋದು ಎಷ್ಟು ಹೊತ್ತಿಗೆ ಎಂದು ಅಜ್ಜಿ ಕೇಳಿದಳು. ಅಂಗಡಿ ಮುಚ್ಚಿದ ಮೇಲೆ. ಅಜ್ಜಿ ಟೋಪಿಯ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಬೇಡ ಮಗಾ. ಇಲ್ಲಿ ಜನ ಬರ್ತಾರೆ."

"ಜನ ಬಂದು ಉಗುಳು ಹಚ್ಚಿ ಉಜ್ತಾರೆ ಅಜ್ಜಿ. ನಿನಗೆ ಅಸಹ್ಯ ಆಗಲ್ವಾ?"

"ಆಗುತ್ತೆ." ಅಜ್ಜಿ ಬೇಸರವಿಲ್ಲದೆ ಹೇಳಿದಳು. "ಆದ್ರೂ ಮುಟ್ತಾರಲ್ಲ. ನೀನು ಬಂದಾಗಿಂದ ಅಲ್ಲೇ ನಿಂತಿದ್ದೀಯ, ಮೂಗು ಮುಚ್ಕೊಂಡು."

ಚಿಕ್ಕಿ ಕರವಸ್ತ್ರ ಇಳಿಸಿದಳು. ಇಳಿಸಿದ ಕೂಡಲೇ ವಾಸನೆ ಬಂತು; ಹಳೆಯ ಉಚ್ಚೆಯದು, ಫೈಬರಿನದು, ಅದೆಲ್ಲದರ ಕೆಳಗೆ ಅಜ್ಜಿಯದು. ಹತ್ತಿರ ಹೋಗಬೇಕು ಎಂದು ಮನಸ್ಸು ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ತನ್ನನ್ನು ಎತ್ತಿ ಆಡಿಸಿದ ಮೈಗೆ ಹೇಸುವ ತನ್ನ ಮೈಯ ಮೇಲೂ ಅವಳಿಗೆ ಹೇಸಿಗೆಯಾಯಿತು. ಅದೇನು ದೊಡ್ಡ ಜ್ಞಾನೋದಯವಲ್ಲ; ಒಂದು ಹೇಸಿಗೆಯ ಮೇಲೆ ಇನ್ನೊಂದು, ಅಷ್ಟೆ.

ಬಿಳಿ ಕೋಣೆಯನ್ನು ಒಮ್ಮೆ ನೆನೆದಳು. ಅಲ್ಲಿ ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ಹಿಂದಿನ ಗೋಡೆ ನೋಡುತ್ತ ಕೂತಿರುವುದು ಕಣ್ಣಿಗೆ ಕಟ್ಟಿತು. ಮುಖ ಹಚ್ಚುವ ವಿದ್ಯೆ ಇಷ್ಟು ದಿನಕ್ಕೆ ಮೊದಲ ಸಲ ಕೈಕೊಟ್ಟಿತು. ಆ ಚಿತ್ರದಲ್ಲಿ ಅಜ್ಜಿಗೆ ನಗುಮುಖ ಎಷ್ಟು ಹಚ್ಚಿದರೂ ನಿಲ್ಲಲಿಲ್ಲ.

ಅಂಗಳಕ್ಕೆ ಹೋಗಿ, ರಾಕ್ಷಸನ ಪಕ್ಕ ನಿಂತು ಯಾರೊಡನೆಯೋ ಚೌಕಾಸಿ ಮಾಡುತ್ತಿದ್ದ ಅಕ್ಕನನ್ನು ಕರೆದಳು.

"ಆ ಮೂಲೆ ಕೋಣೆ ಖಾಲಿ ಮಾಡಿಸು. ನಾನು ಬಂದು ಇರ್ತೀನಿ. ಇಲ್ಲಿಂದಲೇ ಅಂಗಡಿಗೆ ಹೋಗ್ತೀನಿ."

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಪ್ಪೆಗಳನ್ನು ಎಲ್ಲಿ ಹಾಕಲಿ ಎಂದಳು. ನಿನ್ನ ತಲೆ ಮೇಲೆ ಹಾಕ್ಕೊ, ಎಂದಳು ಚಿಕ್ಕಿ. ಇನ್ನೊಂದು ಮಾತು: ಹಾಸಿಗೆ ಹೋಗಬೇಕು. ಮಂಚ ಇರಲಿ, ಕರಡಿ ಇರಲಿ, ಜನ ಬೇಕಾದರೆ ಬರಲಿ. ಹಾಸಿಗೆ ಮಾತ್ರ ಇವತ್ತೇ ಹೊರಗೆ. ಅಕ್ಕ, ಹಾಸಿಗೆಯೇ ಮಂಚದ ಜೀವ, ಅದಿಲ್ಲದೆ ಸಂಗ್ರಹಗಾರರು ಮೂಸಿಯೂ ನೋಡುವುದಿಲ್ಲ ಎಂದು ವಾದಕ್ಕೆ ಬಿದ್ದಳು. ಗಿರಾಕಿಯ ಎದುರಿಗೇ ಇಬ್ಬರೂ ಬಾಯಿಗೆ ಬಂದದ್ದು ಆಡಿಕೊಂಡರು. ಎಲ್ಲಿಂದಲೋ ಬಂದ ಭಾವ, ಹಾಸಿಗೆಯನ್ನು ವ್ಯಾನಿಗೆ ಹಾಕಲಾ ಎಂದು ಕೇಳಿದ. ಕೇಳಿದ್ದು ಚಿಕ್ಕಿಯನ್ನು. ಅಕ್ಕ ಗಂಡನ ಕಡೆ ಕಣ್ಣು ಕೆಕ್ಕರಿಸಿದಳು, ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಮೆಟ್ಟಿಲ ಮೇಲೆ ಕುಸಿದು ಕೂತಳು. ಬೇಡ ಎನ್ನಲಿಲ್ಲ.

ಚಿಕ್ಕಿ ನೀರು ಕಾಯಿಸಿದಳು. ಕುರ್ಚಿಗೆ ಇಳಿಸುವಾಗ ಅಜ್ಜಿಯ ತೋಳು ಅಂಟಂಟಾಗಿ ಅವಳ ಕತ್ತಿಗೆ ಸುತ್ತಿಕೊಂಡಿತು. ಉಸಿರು ಬಿಗಿಹಿಡಿದು ಸಹಿಸಿದಳು. ಟೋಪಿ ಬಿಚ್ಚಿದರೆ ಕೂದಲು ಟೋಪಿಯ ಜೊತೆಗೇ ಎದ್ದುಬಂತು. ನೀರು ಮೈಗೆ ತಾಗಿದ್ದೇ ತಡ, ಅಕ್ಕ ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾಯಿತು. ಅಜ್ಜಿ ಚೀರಿದಳು, ಚಿಕ್ಕಿಯ ಮೊಣಕೈಯನ್ನು ಪರಚಿದಳು, ನಿನ್ನ ಕೈ ಸೇದಿಹೋಗ ಎಂದು ಬೈದಳು. ಅಂಗಳದ ಜನ ಕಿಟಕಿಯಲ್ಲಿ ಇಣುಕಿದರು. ಮೆಟ್ಟಿಲ ಮೇಲಿದ್ದ ಅಕ್ಕ ಎದ್ದುಬಂದು ಕಿಟಕಿ ಹಾಕಿ, ಅಜ್ಜಿಯ ಎರಡೂ ಕೈಗಳನ್ನು ಹಿಡಿದುಕೊಂಡಳು.

ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ ಚಿಕ್ಕಿ ಬಟ್ಟೆ ಆಡಿಸಿದಳು. ವಾಕರಿಕೆ ಬಂದಾಗಲೆಲ್ಲ ಮುಖ ಪಕ್ಕಕ್ಕೆ ತಿರುಗಿಸಿ, ನುಂಗಿ, ಮತ್ತೆ ಬಗ್ಗುತ್ತಿದ್ದಳು. ಬೇಸಿನ್ನಿನ ನೀರು ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ಕಂದಾಯಿತು. ಚೆಲ್ಲಿ ಬೇರೆ ತಂದಳು. ಅದೂ ಹಾಗೇ ಆಯಿತು.

"ತಣ್ಣಗಿದೆ ಕಣೇ," ಎಂದಳು ಅಜ್ಜಿ, ಬೈಯುವುದನ್ನು ನಿಲ್ಲಿಸಿ.

ಚಿಕ್ಕಿ ಇನ್ನಷ್ಟು ಬಿಸಿನೀರು ತರಲು ಎದ್ದಳು.