ದೀಪ ಹಚ್ಚಿದ ಮೇಲೆ ಹೆಪ್ಪು

"ಹೆಪ್ಪಿಲ್ಲ ಮುದ್ದಕ್ಕ," ಎಂದಳು ಚಂದ್ರಕ್ಕ, ಬಾಗಿಲಿಗೆ ಅಡ್ಡ ನಿಂತೇ.

ಇನ್ನೂ ಬಿಸಿಲಿತ್ತು. ಎದುರುಮನೆಯ ಮುದ್ದಕ್ಕ ಸ್ಟೀಲ್ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಚಂದ್ರಕ್ಕನ ಬೆನ್ನ ಹಿಂದೆ, ಅಡುಗೆಮನೆ ಕಟ್ಟೆಯ ಮೇಲೆ, ಮೊಸರಿನ ಕುಡಿಕೆ ತುಂಬಿ ಕೂತಿರುವುದು ಅಲ್ಲಿಂದಲೇ ಕಾಣುತ್ತಿತ್ತು. ಹೊಳಲ್ಕೆರೆಯ ಆ ಓಣಿಯಲ್ಲಿ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಯಾರ ಹೊಸ್ತಿಲೂ ದಾಟುವುದಿಲ್ಲ. ದಾಟಿದರೆ ಮನೆಯ ಲಕ್ಷ್ಮಿ ಹಿಂದೆಯೇ ಹೊರಟುಬಿಡುತ್ತಾಳೆ ಅನ್ನುವ ಭಯ. ಆದರೆ ಹಗಲಲ್ಲಿ ಎಂಥ ಜಗಳವಿದ್ದರೂ ಒಂದು ಚಮಚ ಹೆಪ್ಪಿಗೆ ಇಲ್ಲ ಅಂದವರಿರಲಿಲ್ಲ.

"ನಾನೇನ್ ಮಾಡಿದೀನೇ ನಿಂಗೆ? ಹೇಳಾದ್ರೂ ಹೇಳು."

"ಹೇಳಾದೆಲ್ಲ ನೀನೇ ಹೇಳ್ತಿದೀಯಲ್ಲ! ನನ್ ಮಗಳು ಯಾವಾಗ ಬಂದ್ಳು, ಯಾವಾಗ ಹೋದ್ಳು ಅಂತ ಆ ಪಾಪಿಗೆ ಸುದ್ದಿ ಮುಟ್ಸೋರಿಗೆ ನಮ್ಮನೆ ಹೆಪ್ಪು ಯಾಕೆ ಬೇಕು?"

ಮುದ್ದಕ್ಕ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಓಣಿಯಲ್ಲಿ ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ, ತನ್ನ ಮನೆ ಸೇರಿಕೊಂಡಳು. ಚಂದ್ರಕ್ಕನಿಗೆ ಅಂದದ್ದು ಸರಿ ಅನ್ನಿಸಿತ್ತು, ಸಮಾಧಾನ ಮಾತ್ರ ಆಗಲಿಲ್ಲ.

ಮಗಳು ಶಾಂತಿ ಚಿತ್ರದುರ್ಗದಲ್ಲಿದ್ದ ಗಂಡನ ಮನೆ ಬಿಟ್ಟು ಬಂದದ್ದು ದೀಪಾವಳಿ ಕಳೆದ ಮೇಲೆ. ಕೆನ್ನೆ ಊದಿತ್ತು, ಉಟ್ಟ ಸೀರೆಯಲ್ಲಿ, ತನ್ನ ಸ್ಕೂಟಿ ಓಡಿಸಿಕೊಂಡು ಬಂದಿದ್ದಳು. ಅಳು ಮುಗಿದ ಮೇಲೆ ಗಟ್ಟಿಯಾದಳು. ಫೋನ್ ನಂಬರ್ ಬದಲಾಯಿಸಿದಳು, ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ಅಳಿಯ ಲಕ್ಷ್ಮೀಕಾಂತನ ಫೋನುಗಳು ಶುರುವಾದವು, ಅತ್ತೆಯ ನಂಬರಿಗೆ. ಬೈಗುಳವಿಲ್ಲ, ಕೂಗಾಟವಿಲ್ಲ. ಶಾಂತಿ ಸ್ಕೂಟಿ ನಿಲ್ಲಿಸಿ ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು.

"ಬಂದ್ಲಲ್ಲ ಅತ್ತೆ ನಿಮ್ಮ ಮಗಳು. ಇವತ್ಯಾಕೋ ತಡ ಆಯ್ತು?"

ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೋಗಿಬಂದ ದಿನವೂ ಅಷ್ಟೆ. "ಮಧ್ಯಾಹ್ನ ಪೂರಾ ಮನೇಲಿರಲಿಲ್ಲ, ಎಲ್ಲಿಗೆ ಹೋಗಿದ್ರಿ ಇಬ್ರೂ?" ಎಂದಿದ್ದ. ಆ ನಯವಾದ ದನಿ ಕೇಳಿದರೆ ಚಂದ್ರಕ್ಕ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು.

ಯಾರು ಹೇಳುತ್ತಿದ್ದಾರೆ ಹಾಗಾದರೆ? ಎದುರಿನ ಜಗಲಿ ಮೇಲೆ ದಿನವೆಲ್ಲ ಅವರೆಕಾಯಿ ಬಿಡಿಸುತ್ತ ಕೂರುವವಳು ಮುದ್ದಕ್ಕ. ಅವಳ ಕಣ್ಣು ತಪ್ಪಿಸಿ ಈ ಮನೆಗೆ ಬೆಕ್ಕೂ ನುಗ್ಗುವಂತಿಲ್ಲ. ಸಾಲದ್ದಕ್ಕೆ ಅವಳ ತಂಗಿಯ ಮನೆ ಲಕ್ಷ್ಮೀಕಾಂತನ ಬೀದಿಯಲ್ಲೇ. ಇನ್ನೇನು ಸಾಕ್ಷಿ ಬೇಕು?

ಹೆಪ್ಪಿಲ್ಲ ಅಂದ ಮೇಲೂ ಫೋನ್ ನಿಲ್ಲಲಿಲ್ಲ. ಒಂದು ಸಂಜೆ ಶಾಂತಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

"ಹಿರಿಯೂರಲ್ಲಿ ಎಲ್ಲಾದ್ರೂ ರೂಮ್ ಮಾಡ್ಕಂತೀನಮ್ಮ. ಇಲ್ಲಿದ್ರೆ ಉಸಿರು ಬಿಟ್ರೂ ಅವನಿಗೆ ಗೊತ್ತಾಗ್ತೈತೆ."

"ಅಯ್ಯೋ, ತೌರುಮನೆ ಬಿಟ್ಟು ಇನ್ನೆಲ್ಲಿಗೆ ಹೋಗ್ತೀಯೇ? ಈ ಭಾನುವಾರ ನಿರಂಜನ್ ಬರ್ಲಿ ತಡಿ," ಎಂದು ಚಂದ್ರಕ್ಕ ಬ್ಯಾಗನ್ನು ಕಸಿದು ಮಂಚದ ಕೆಳಗೆ ತಳ್ಳಿದಳು. ಮಗಳಿಗೆ ಇರಲು ಜಾಗ ಕೊಡಲಾಗದ ಮೇಲೆ ಇದೂ ಒಂದು ಮನೆಯೇ ಅನ್ನಿಸಿ ಕಣ್ಣೀರು ಬಂತು.

ನಿರಂಜನ್ ಅವಳ ಮಗ. ಹೊಸದುರ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರು. ನಡುಮನೆಯ ಮಾತಾಡುವ ಪೆಟ್ಟಿಗೆ ತಂದುಕೊಟ್ಟವನೂ ಅವನೇ. ತೆಂಗಿನಕಾಯಿ ಗಾತ್ರದ್ದು, ಮನೆಯ ನೆಟ್ಟಿಗೆ ಕೂಡಿಸಿದ್ದು, ಹಾಡು ಹಾಕು ಎಂದರೆ ಹಾಕುತ್ತಿತ್ತು, ಜೋರು ಮಾಡು ಎಂದರೆ ಜೋರು. ಸಾರಿಗೆ ಒಗ್ಗರಣೆ ಕೊಡುತ್ತ ಅದರ ಜೊತೆ ಮಾತಾಡುವುದು ಚಂದ್ರಕ್ಕನಿಗೆ ರೂಢಿಯಾಗಿತ್ತು. ಆಯುಧಪೂಜೆಯ ದಿನ ಈಳಿಗೆಮಣೆ, ಮಿಕ್ಸಿಗಳ ಜೊತೆ ಅದಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಮುಡಿಸಿದ್ದಳು.

ಭಾನುವಾರ ಬೆಳಿಗ್ಗೆ ಶಾಂತಿ ಸ್ಕೂಟಿಯ ಹರಿದ ಸೀಟು ಹೊಲಿಸಲು ಮೆಕ್ಯಾನಿಕ್ ಪಾಲಣ್ಣನ ಹತ್ತಿರ ಹೋದವಳು, ಅಂಗೈಯಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಬಿಲ್ಲೆ. ಸೀಟಿನಡಿ ಟೇಪು ಸುತ್ತಿ ಅಂಟಿಸಿತ್ತಂತೆ.

ಬಸ್ಸಿಳಿದು ಬಂದ ನಿರಂಜನ್ ಅದನ್ನು ತಿರುಗಿಸಿ ನೋಡಿದ. ಆಮೇಲೆ ತನ್ನ ಫೋನ್ ತೆಗೆದು ಪೆಟ್ಟಿಗೆಯ ಸೆಟ್ಟಿಂಗ್ ಹುಡುಕುತ್ತ ಕುಳಿತ. ಅವನ ಮುಖ ಬಾಡುತ್ತ ಹೋಯಿತು.

"ಏನಪ್ಪ ಅದು? ಬಾಯಿ ಬಿಡು."

"ಬಿಲ್ಲೆ ಅವನ್ದೇ ಇರ್ಬೇಕಮ್ಮ. ಗಾಡಿ ಎಲ್ಲೈತೆ ಅಂತ ತಿಳ್ಸೋ ಬಿಲ್ಲೆ ಇದು, ಆದ್ರೆ ಇದಕ್ಕೆ ಸ್ವಂತ ನೆಟ್ ಇಲ್ಲ. ಹತ್ರ ಇಂಥ ಪೆಟ್ಟಿಗೆ ಇದ್ರೆ ಆ ಮನೆ ನೆಟ್ಟಲ್ಲಿ ಚೂರು ಇಸ್ಕಂಡು, ನಾನಿಲ್ಲಿದೀನಿ ಅಂತ ಅವನ ಫೋನಿಗೆ ಹೇಳ್ತೈತೆ."

"ಯಾರ ಮನೆ ನೆಟ್ಟು?"

ನಿರಂಜನ್ ತಲೆ ಎತ್ತಲಿಲ್ಲ. "ನಮ್ಮನೇದು."

ಚಂದ್ರಕ್ಕ ನಡುಮನೆಯ ಪೆಟ್ಟಿಗೆಯನ್ನು ನೋಡಿದಳು. ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು.

"ಯಾರಂದ್ರೆ ಅವರಿಗೆ ಕೊಡುತ್ತಾ? ನಮ್ಮನ್ನ ಒಂದ್ ಮಾತು ಕೇಳ್ದೇನೇ?"

"ಕೇಳಿತ್ತಮ್ಮ. ಕೂಡಿಸೋವಾಗ ಏನೇನೋ ಕೇಳ್ತು. ಓದಕ್ಕೆ ಬೇಜಾರಾಗಿ ಎಲ್ಲದಕ್ಕೂ ಹೂಂ ಅಂತ ಒತ್ಕಂಡು ಹೋದೆ." ಅವನು ತಂಗಿಯ ಕಡೆ ತಿರುಗಿದ. "ತಪ್ಪಾಯ್ತು ಶಾಂತಿ."

ಶಾಂತಿ ಎದ್ದು ಹೋಗಿ ಪೆಟ್ಟಿಗೆಯ ವೈರನ್ನು ಗೋಡೆಯಿಂದ ಕಿತ್ತಳು. ಚಂದ್ರಕ್ಕ ಬಿಲ್ಲೆಯನ್ನು ಒಲೆಗೆ ಹಾಕಲು ಹೊರಟಾಗ ಮಾತ್ರ ತಡೆದಳು.

"ಸುಡಬ್ಯಾಡಮ್ಮ. ನಾಳೆ ಸ್ಟೇಷನ್ನಿಗೆ ಹೋಗಾಣ. ಇದನ್ನ ಅವರ ಟೇಬಲ್ ಮೇಲೆ ಇಟ್ಟೇ ಮಾತಾಡ್ತೀನಿ." ಬಿಲ್ಲೆಯನ್ನು ಖಾಲಿ ಸಾಸಿವೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದಳು. ಮಂಚದಡಿಯ ಬ್ಯಾಗನ್ನು ಎಳೆದು ಬಟ್ಟೆಗಳನ್ನು ಒಂದೊಂದಾಗಿ ಗೂಡಿಗೆ ಜೋಡಿಸತೊಡಗಿದಳು.

ಚಂದ್ರಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದಳು. ಎದುರಿನ ಜಗಲಿ ಖಾಲಿ ಇತ್ತು. ಹೆಪ್ಪಿಲ್ಲ ಅಂದ ದಿನದಿಂದ ಮುದ್ದಕ್ಕ ಹೊರಗೆ ಕೂರುವುದನ್ನೇ ಬಿಟ್ಟಿದ್ದಳು. ಹೋಗಬೇಕು, ಏನಂತ ಹೋಗಲಿ? ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ನಾಚಿಕೆಯಲ್ಲೇ ಹೊತ್ತು ಮುಳುಗಿತು. ದೇವರಿಗೆ ದೀಪ ಹಚ್ಚಿ ಕೈಮುಗಿದವಳು ಒಮ್ಮೆಲೇ ತಿರುಗಿ, ಲೋಟಕ್ಕೆ ಮೊಸರು ಹಾಕಿಕೊಂಡು ಹೊರಟಳು.

"ಅಮ್ಮ, ದೀಪ ಹಚ್ಚೈತೆ," ಎಂದಳು ಶಾಂತಿ.

"ಗೊತ್ತು ಸುಮ್ನಿರು."

ಮುದ್ದಕ್ಕ ಬಾಗಿಲು ತೆರೆದಳು. ಒಳಗೆ ಬಾ ಅನ್ನಲಿಲ್ಲ. ಅವಳ ಹಿಂದೆ ಕಟ್ಟೆಯ ಮೇಲೆ ಅಂಗಡಿ ಮೊಸರಿನ ಪ್ಯಾಕೆಟ್ಟು ಮುದುಡಿ ಬಿದ್ದಿತ್ತು.

"ನೀನಲ್ಲ ಮುದ್ದಕ್ಕ," ಚಂದ್ರಕ್ಕ ಲೋಟ ಮುಂದೆ ಹಿಡಿದಳು. "ನಮ್ಮನೇಲಿದ್ದಿದ್ದೇ ಹೇಳ್ತಿತ್ತು. ನಾನೇ ಅದಕ್ಕೆ ಕುಂಕುಮ ಇಟ್ಟಿದ್ದೆ. ನಿನ್ನನ್ನ ಬಾಯಿಗೆ ಬಂದಂಗೆ ಅಂದ್ಬಿಟ್ಟೆ."

ಮುದ್ದಕ್ಕ ಲೋಟವನ್ನು ನೋಡಿದಳು. ಎದುರುಮನೆಯ ದೇವರಗೂಡಲ್ಲಿ ಉರಿಯುತ್ತಿದ್ದ ದೀಪವನ್ನು ನೋಡಿದಳು.

"ಈ ಹೊತ್ನಲ್ಲಿ ಹೆಪ್ಪು ಕೊಡ್ತಾರೇನೇ, ಹುಚ್ಚಿ?"

"ಲಕ್ಷ್ಮಿ ಹೋದ್ರೆ ಹೋಗ್ಲಿ. ಇಸ್ಕ."

ಮುದ್ದಕ್ಕ ಒಳಗೆ ಹೋಗಿ ಸ್ಟೌ ಹಚ್ಚಿದಳು, ಹಾಲಿನ ಪಾತ್ರೆ ಇಟ್ಟಳು, ಬಾಗಿಲ ಬಳಿ ಒಂದು ಮಣೆ ಹಾಕಿದಳು. ಹಾಲು ಉಗುರುಬೆಚ್ಚಗಾಗುವವರೆಗೆ ಚಂದ್ರಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾದು ಕುಳಿತಳು.