ಉಪ್ಪು ಬೆರೆಸಿದ ಐಸ್

ಯಾಸುರ್ ಎಂಬ ಜ್ವಾಲಾಮುಖಿ ಬೆಟ್ಟ ಗುರುವಾರ ಬೆಳಗಿನಿಂದ ಬೂದಿ ಉಗುಳುತ್ತಿತ್ತು. ಮಧ್ಯಾಹ್ನ ಅದರ ಮೇಲೆ ಮಳೆಯೂ ಸುರಿಯಿತು. ಬೆಟ್ಟದ ಬುಡದ ಅತಿಥಿಗೃಹದಲ್ಲಿ ನೆವಿಲ್ ಮೂರನೇ ಸಲ ವಾಂತಿ ಮಾಡಿಕೊಂಡ.

"ಸೆಕೆ ಕಣೇ, ಅಷ್ಟೇ," ಎಂದ.

ಗ್ಲೆನಿಸ್ ನಂಬಲಿಲ್ಲ. ಗಂಡನ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆಯಿತ್ತು. ಹತ್ತೊಂಬತ್ತನೇ ವಯಸ್ಸಿನಿಂದ ಇನ್ಸುಲಿನ್ ಮೇಲೆ ಬದುಕಿದವನು ಅವನು. ಮದುವೆಯಾದ ಮರುವರ್ಷ ಇದೇ ವಾಸನೆ ಬಂದಾಗ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಈಗ ಅವಳು ಅವನ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದಳು. ಸಕ್ಕರೆ ಎಷ್ಟು ಏರಿತ್ತೆಂದರೆ ಮೀಟರು ಅಂಕಿಯನ್ನೇ ತೋರಿಸಲಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನು ಬೆಳಕಿಗೆ ಹಿಡಿದಳು. ನೀರಿನಂತೆ ತಿಳಿಯಾಗಿರಬೇಕಾದ ಔಷಧಿಯಲ್ಲಿ ಬಿಳಿ ಚೂರುಗಳು ತೇಲುತ್ತಿದ್ದವು.

"ಯಾವತ್ತಿಂದ ಹೀಗಿದೆ?"

ನೆವಿಲ್ ಕಣ್ಣು ಮುಚ್ಚಿದ. "ಮಂಗಳವಾರ."

ಮಂಗಳವಾರ ಅವರು ಟನ್ನಾ ದ್ವೀಪಕ್ಕೆ ಬಂದಿಳಿದ ದಿನ. ಜೊತೆಗೆ ಬಂದವರು ತಮ್ಮೂರು ಗೀಲಾಂಗ್‌ನಲ್ಲಿ ಪಕ್ಕದ ಬೀದಿಯ ಕೆಲ್ ಮತ್ತು ಅವನ ಹೆಂಡತಿ ರೋಂಡಾ. ಹನ್ನೊಂದು ವರ್ಷದಿಂದ ನಾಲ್ವರ ರಜೆ ಒಟ್ಟಿಗೇ. ಕೆಲ್ ಮೂವತ್ತೈದು ವರ್ಷ ಮೀನುದೋಣಿಯಲ್ಲಿ ದುಡಿದವನು. ಪೆಟ್ಟಿಗೆಯ ಐಸಿಗೆ ಉಪ್ಪು ಬೆರೆಸಿ, ಅದು ಇನ್ನಷ್ಟು ಕೊರೆಯುವಂತೆ ಮಾಡಿ, ಹತ್ತೇ ನಿಮಿಷದಲ್ಲಿ ಬಿಯರ್ ತಣ್ಣಗಾಗಿಸುವುದು ಅವನ ಹೆಮ್ಮೆ. ಆ ದಿನ ನೆವಿಲ್‌ನ ಔಷಧಿಯ ಚೀಲವನ್ನೂ ಅದೇ ಪೆಟ್ಟಿಗೆಯ ತಳಕ್ಕಿಟ್ಟು, "ನಿನ್ನ ಔಷಧಿಗೆ ರಾಜಮರ್ಯಾದೆ ಮಾಡಿದೀನಿ ಕಣೋ," ಎಂದಿದ್ದ. ಸಂಜೆ ನೆವಿಲ್ ತೆಗೆದಾಗ ಪೆನ್ನುಗಳೆಲ್ಲ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಕರಗಿಸಿ ಚುಚ್ಚಿಕೊಂಡ. ಯಾರಿಗೂ ಹೇಳಲಿಲ್ಲ.

"ಹೇಳೋಕೇನಾಗಿತ್ತು ನಿಂಗೆ?"

"ಎಷ್ಟು ಖುಷಿಯಾಗಿದ್ದ ಅವ್ನು. ಹೆಂಗೆ ಹೇಳ್ಲಿ? ಸ್ವಲ್ಪನಾದ್ರೂ ಕೆಲಸ ಮಾಡುತ್ತೆ ಅಂದ್ಕೊಂಡೆ." ಅವಳ ಕೈ ಹಿಡಿದ. "ಈಗ್ಲೂ ಹೇಳ್ಬೇಡ."

ಅವಳು ಕೈ ಬಿಡಿಸಿಕೊಂಡು ಹೊರಗೆ ಓಡಿದಳು. ಜಗಲಿಯಲ್ಲಿ ಕೆಲ್ ಮತ್ತು ರೋಂಡಾ ಇಸ್ಪೀಟು ಆಡುತ್ತಿದ್ದರು.

"ಏನಂತೆ ಮದುಮಗಂಗೆ? ಇನ್ನೂ ಹಾಸಿಗೆ ಬಿಟ್ಟಿಲ್ವಾ?" ಎಂದ ಕೆಲ್.

ಗ್ಲೆನಿಸ್ ಅತಿಥಿಗೃಹದ ಒಡೆಯ ನಕೋವುನಿಂದ ಆಸ್ಪತ್ರೆಗೆ ಫೋನು ಮಾಡಿಸಿದಳು. ಆಸ್ಪತ್ರೆ ದ್ವೀಪದ ಆಚೆ ಬದಿಯಲ್ಲಿತ್ತು. ಔಷಧಿ ಅಲ್ಲಿತ್ತು. ಆದರೆ ನಡುದಾರಿಯ ಬೂದಿಬಯಲಿನಲ್ಲಿ ಹಳ್ಳ ಉಕ್ಕಿ ಲಾರಿ ದಾಟುವಂತಿರಲಿಲ್ಲ. ಬೂದಿ ಬೀಳುವಾಗ ಹೆಲಿಕಾಪ್ಟರ್ ಹಾರುವುದೂ ಇಲ್ಲ.

"ಅಲ್ಲಿನ ನರ್ಸಮ್ಮನ ಗಂಡ ಔಷಧಿ ತಗೊಂಡು ಗುಡ್ಡದ ದಾರೀಲಿ ನಡ್ಕೊಂಡೇ ಹೊರಡ್ತಾರಂತೆ, ಅಮ್ಮ," ಎಂದ ನಕೋವು. "ಇಲ್ಲಿಗೆ ಬರೋಷ್ಟರಲ್ಲಿ ನಾಳೆ ಮಧ್ಯಾಹ್ನ ಹನ್ನೆರಡಾಗುತ್ತೆ. ಅಲ್ಲಿವರೆಗೂ ಗುಟುಕು ಗುಟುಕಾಗಿ ನೀರು ಕುಡಿಸ್ತಿರಿ ಅಂದ್ರು."

ಕೆಲ್ ಎದ್ದು ಬಂದ. "ಇಲ್ಲೇ ಔಷಧಿ ಇದೆಯಲ್ಲ? ನಾನೇ ಇಟ್ಟಿದ್ದು."

ಗ್ಲೆನಿಸ್ ನೆವಿಲ್ ಮಲಗಿದ್ದ ಕೋಣೆಯ ಕಡೆ ನೋಡಿದಳು. "ಅದು ಹೆಪ್ಪುಗಟ್ಟಿ ಕೆಟ್ಟೋಗಿದೆ, ಕೆಲ್. ಉಪ್ಪಿಗೆ."

ಮೀನು ಹೆಪ್ಪುಗಟ್ಟಿಸಿದ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಅವನು ನೇರ ಅಂಗಳದಲ್ಲಿದ್ದ ನಕೋವುನ ಲಾರಿಯ ಕಡೆ ನಡೆದ. ನಕೋವು ಕೀಲಿ ಕೊಡಲಿಲ್ಲ.

"ಬೆಳಗ್ಗೆಯಿಂದ ಎರಡು ಗಾಡಿ ಅಲ್ಲೇ ಹೂತ್ಕೊಂಡಿವೆ. ನೀವೂ ಸಿಕ್ಕಾಕ್ಕೊಂಡ್ರೆ ಯಾರಿಗೆ ಲಾಭ?"

ಕೆಲ್ ಬಂದು ಮಂಚದ ಪಕ್ಕ ನೆಲದಲ್ಲಿ ಕುಳಿತ. "ನಾನೇನ್ ಮಾಡ್ಲಿ ಗ್ಲೆನ್? ಏನಾದ್ರೂ ಹೇಳು, ಮಾಡ್ತೀನಿ."

ಯಾರ ಮೇಲಾದರೂ ಕೂಗಾಡಬೇಕೆಂದು ಅವಳಿಗೆ ಆಗಿನಿಂದಲೂ ಅನಿಸುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ನೆವಿಲ್ ಕಣ್ಣು ಬಿಟ್ಟ.

"ಮುಖ ಹಂಗ್ಯಾಕೋ ಮಾಡ್ಕೊಂಡಿದೀಯ? ನಿನ್ನ ತಪ್ಪೇನಿಲ್ಲ ಮಾರಾಯ."

ಕೆಲ್ ಮೊಣಕಾಲಿಗೆ ಹಣೆಯಿಟ್ಟ. ಗ್ಲೆನಿಸ್ ಚಮಚದಲ್ಲಿ ನೀರು ಹಾಕಿದಳು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಹರಿಯಿತು. ರೋಂಡಾ ಒರೆಸಿದಳು. ನೆವಿಲ್‌ನ ಉಸಿರು ಓಡಿ ಬಂದವನ ಉಸಿರಿನಂತೆ ಆಳವಾಗುತ್ತಿತ್ತು. ಆಗ ಗಂಟೆ ಮೂರು. ನಾಳೆಯ ಹನ್ನೆರಡಕ್ಕೆ ಇನ್ನೂ ಇಪ್ಪತ್ತೊಂದು ಗಂಟೆ ಬಾಕಿಯಿತ್ತು.